ಪಾರ್ಸಿಕ್ ಸುರಂಗದಲ್ಲಿ ಉಳಿದ ಕ್ಲೈಮ್ಯಾಕ್ಸುಗಳು

ಕಳೆದ ತಿಂಗಳ ಕೊನೆಯ ದಿನ, ಕಲ್ಯಾಣದಿಂದ ಹೊರಡುವ ನಮ್ಮ ಬೆಳಗಿನ ಫಾಸ್ಟ್ ಲೋಕಲ್ಲಿನ ಹಿಂದಿನಿಂದ ಮೂರನೆಯ ಡಬ್ಬಿಯಲ್ಲಿ ಕಿಟಕಿ ಪಕ್ಕದ ಒಂದು ಸೀಟು ತೆರವಾಯಿತು. ಇಂಥ ಸಂದರ್ಭದಲ್ಲಿ ‘ತುಂಬಲಾರದ ನಷ್ಟ’ ಎಂದು ಬರೆಯುವುದು ವಾಡಿಕೆ. ಸತ್ಯಕ್ಕೆ ಅಪಚಾರವಾಗಬಾರದೆಂದು ಹೇಳುತ್ತೇನೆ: ಮರುದಿನ ಆ ಸೀಟು ನಾಲ್ಕು ಸೆಕೆಂಡಿನಲ್ಲಿ ತುಂಬಿತು. ತುಂಬಿದವರು ಠಾಣೆ ಬರುವವರೆಗೂ ಬಾಯಿ ತೆರೆದು ನಿದ್ದೆ ಹೊಡೆದರು. ಹನ್ನೊಂದು ವರ್ಷ ಆ ಸೀಟಿನ ಆಸುಪಾಸಿನಲ್ಲಿ ಯಾರೂ ಕಣ್ಣು ಮುಚ್ಚಿದ್ದಿಲ್ಲ. ಮುಚ್ಚಿದ್ದರೂ ಅಪ್ಪಣೆಯಾದಾಗ ಮಾತ್ರ. ಆ ಅಪ್ಪಣೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಸೀಟಿನ ಹಳೆಯ ಒಡೆಯರು ಸತ್ತಿಲ್ಲ, ನಿವೃತ್ತರಾಗಿದ್ದಾರೆ ಅಷ್ಟೆ. ವಾಶಿಯ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ರಟ್ಟಿನ ಪೆಟ್ಟಿಗೆಗಳ ಮೇಲೆ ಅವರಿಗೆ ಪೂರ್ಣಾಧಿಕಾರವಿತ್ತು. ಮೂಲ ವಿಜಯಪುರದ ಕಡೆಯವರು. ಮೇ ತಿಂಗಳ ಬೆವರಿನಲ್ಲೂ ಕೊರಳಿಗೆ ಮಫ್ಲರ್, ದವಡೆಯಲ್ಲಿ ಲವಂಗ. ಎರಡೂ ಧ್ವನಿಯ ರಕ್ಷಣೆಗೆ. ರಟ್ಟಿನ ಪೆಟ್ಟಿಗೆಯವನಿಗೆ ಧ್ವನಿ ಯಾಕೆ ಎಂದು ನೀವು ಕೇಳಬಹುದು. ಅವರು ಕಲ್ಯಾಣದಿಂದ ಠಾಣೆಯವರೆಗೆ ಸಾಹಸದ ಸಿನಿಮಾಗಳನ್ನು ಹೇಳುತ್ತಿದ್ದರು. ನಾವು ಅವರನ್ನು ಡೈರೆಕ್ಟರ್ ಸಾಹೇಬ್ರು ಎನ್ನುತ್ತಿದ್ದೆವು.

‘ನಾವು’ ಎಂದರೆ ಮೂವರು. ವಾಶಿಯ ಸಗಟು ಮಾರುಕಟ್ಟೆಯ ಈರುಳ್ಳಿ ವ್ಯಾಪಾರಿಯ ಗುಮಾಸ್ತರಾದ ಪಾಟೀಲರು ಕಲಬುರಗಿಯವರು. ಘಣಸೋಲಿಯಲ್ಲಿ ಕ್ಯಾಂಟೀನ್ ನಡೆಸುವ ಶೆಟ್ಟರು ಕರಾವಳಿಯವರು. ಮೂರನೆಯವನು ಠಾಣೆಯ ಒಂದು ಆಫೀಸಿನಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಂತೆ ನೋಡಿಕೊಳ್ಳುವ ನಾನು. ವಾಶಿ, ಘಣಸೋಲಿಗೆ ಠಾಣೆಯಲ್ಲೇ ಗಾಡಿ ಬದಲಿಸಬೇಕಾದ್ದರಿಂದ ನಾಲ್ವರೂ ಅಲ್ಲೇ ಇಳಿಯುವವರು. ಸಾಹೇಬರೂ ಪಾಟೀಲರೂ ಕಲ್ಯಾಣದಲ್ಲೇ ಹತ್ತಿ ಕರವಸ್ತ್ರ ಹಾಸಿ ಸೀಟು ಹಿಡಿಯುವರು; ಡೊಂಬಿವಲಿಯಲ್ಲಿ ಶೆಟ್ಟರೂ ನಾನೂ ನುಗ್ಗುವೆವು. ನಾಲ್ಕನೆಯ ಸೀಟು, ಅಂದರೆ ಅರ್ಧ ಅಂಡು ಮಾತ್ರ ಊರುವ ಸೀಟು, ಎಲ್ಲರಿಗಿಂತ ಕಿರಿಯನಾದ ಕಾರಣಕ್ಕೆ ನನ್ನದು. ಇನ್ನೂ ಒಬ್ಬರಿದ್ದರು: ಬಾಗಿಲ ಬಳಿಯ ಅಡ್ಡಗೋಡೆಗೆ ಒರಗಿ, ಎರಡೂ ಕಿವಿಗೆ ಇಯರ್‌ಫೋನ್ ತುರುಕಿ ನಿಲ್ಲುವ ನಡುವಯಸ್ಸಿನ ಮರಾಠಿ ಗೃಹಸ್ಥರು. ಅವರು ನಮ್ಮವರಲ್ಲ. ಮಾತಾಡಿದ್ದಿಲ್ಲ, ನಕ್ಕಿದ್ದಿಲ್ಲ.

ಎರಡೂವರೆ ತಾಸಿನ ಸಿನಿಮಾವನ್ನು ಸಾಹೇಬರು ಮೂರು ವಾರ ಹೇಳುತ್ತಿದ್ದರು. ಯಾವ ಭಾಷೆಯದಾದರೂ ಸರಿ. ನಿಧಿ ಇರಬೇಕು, ಬೆನ್ನಟ್ಟುವವರಿರಬೇಕು, ಕೆಳಗೆ ಪ್ರಪಾತವಿರಬೇಕು. ಕಥೆ ಅವರಿಗೆ ಮುಖ್ಯವಲ್ಲ. ಎದೆ ಹೇಗೆ ಹಿಡಿಯುವುದು ಎಂಬುದು ಮುಖ್ಯ.

“ನೋಡ್ರಿ, ಟೇಬಲ್ ಕೆಳಗ ಬಾಂಬ್ ಐತಿ. ಪ್ರೇಕ್ಷಕಗ ಕಾಣಬೇಕು, ಹೀರೋಗ ಕಾಣಬಾರದು. ಇಬ್ಬರಿಗೂ ಕಂಡ್ರ ಅದು ಪೊಲೀಸ್ ಪಂಚನಾಮೆ. ಇಬ್ಬರಿಗೂ ಕಾಣಲಿಲ್ಲಂದ್ರ ಅಪಘಾತ. ಒಬ್ಬಗ ಕಂಡು ಒಬ್ಬಗ ಕಾಣಲಿಲ್ಲಂದ್ರ, ಅದಕ್ಕಂತಾರ ಸಿನಿಮಾ.”

ಈ ಮಾತನ್ನು ಅವರು ಉಪದೇಶದ ಗಾಂಭೀರ್ಯದಿಂದ ಹೇಳಿದಾಗ ಶೆಟ್ಟರು ಸೀಟಿನ ಕೆಳಗೆ ಬಗ್ಗಿ ನೋಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಕ್ಲೋಸಪ್ ಎಂದರೆ ತಮ್ಮ ಮುಖವನ್ನು ನಿಮ್ಮ ಮುಖದಿಂದ ನಾಲ್ಕು ಬೆರಳಿನಷ್ಟು ದೂರಕ್ಕೆ ತರುವುದು. ಲವಂಗದ ಘಾಟಿಗೆ ನಿಮ್ಮ ಕಣ್ಣಲ್ಲಿ ನೀರು ಬಂದರೆ ಅದೂ ರಸೋತ್ಪತ್ತಿಯ ಲೆಕ್ಕಕ್ಕೇ. ಅಪಾಯ ಸಮೀಪಿಸುವಾಗ ಊಟದ ಡಬ್ಬಿಯ ಮುಚ್ಚಳದ ಮೇಲೆ ಎರಡು ಬೆರಳಿನಿಂದ ಎದೆಬಡಿತ. ದಿವಾ ಸ್ಟೇಷನ್ನಿನ ಬಳಿ ಹಳಿಗಳು ಒಂದರ ಮೇಲೊಂದು ಹಾಯುವುದರಿಂದ ಗಾಡಿ ವಿಪರೀತ ಕುಲುಕುತ್ತದೆ. ಬೆನ್ನಟ್ಟುವ ದೃಶ್ಯಗಳನ್ನೆಲ್ಲ ಅವರು ದಿವಾಕ್ಕೆಂದೇ ತೆಗೆದಿಡುತ್ತಿದ್ದರು. ಇನ್ನು ಸ್ಲೋ ಮೋಷನ್. ಒಮ್ಮೆ ನಾಯಕನೊಬ್ಬ ಉರಿಯುವ ಹಡಗಿನಿಂದ ಸಮುದ್ರಕ್ಕೆ ಜಿಗಿದ. ಸೋಮವಾರ ಜಿಗಿದವನು ಬುಧವಾರವಾದರೂ ಗಾಳಿಯಲ್ಲೇ ಇದ್ದ.

“ಎಂತ ಮಾರಾಯ್ರೆ,” ಎಂದರು ಶೆಟ್ಟರು, “ಅವ ಮೊನ್ನೆಯಿಂದ ಹಾರ್ತಾ ಇದ್ದಾನೆ. ನೀರಿಗೆ ಬೀಳುವುದು ಯಾವಾಗ?”

“ಸ್ಲೋ ಮೋಷನ್ ಶೆಟ್ರ ಅದು. ಅವಸರ ಇದ್ದವರು ವಿಮಾನದಾಗ ಹೋಗ್ರಿ.”

ಅವರ ಅತ್ಯುನ್ನತ ಸಾಧನೆಯೆಂದರೆ ಎರಡು ಕಡೆಯ ಘಟನೆಯನ್ನು ಕತ್ತರಿಸಿ ಹೆಣೆಯುವುದು. ಎಡಕ್ಕೆ ತಿರುಗಿದರೆ ನಾಯಕ, ಬಲಕ್ಕೆ ತಿರುಗಿದರೆ ಖಳ. ಎಡಕ್ಕೆ ಪಾಟೀಲರು, ಬಲಕ್ಕೆ, ಎದುರಿನ ಕಿಟಕಿ ಸೀಟಿನಲ್ಲಿ, ಶೆಟ್ಟರು. ಹೀಗಾಗಿ ಶೆಟ್ಟರು ಎಷ್ಟೋ ವರ್ಷ ಖಳರ ಪಾಲನ್ನಷ್ಟೇ ಸ್ಪಷ್ಟವಾಗಿ ಕೇಳಿದರು. ಅವರ ಸ್ವಭಾವದ ಮೇಲೆ ಅದು ಪರಿಣಾಮ ಬೀರಿದೆ ಎಂದು ಪಾಟೀಲರ ಅಭಿಪ್ರಾಯ. ಮುಖಾಮುಖಿ ಹತ್ತಿರವಾದಂತೆ ತುಣುಕುಗಳು ಚಿಕ್ಕವಾಗಬೇಕೆಂಬುದು ನಿಯಮ. ಸಾಹೇಬರ ಕುತ್ತಿಗೆ ಅತ್ತಿತ್ತ ಬೀಸತೊಡಗುತ್ತಿತ್ತು, ಕೊನೆಗೆ ನಡುಗುತ್ತಿತ್ತು. ಒಂದು ದಿನ ಎದುರಿಗೆ ನಿಂತಿದ್ದ ಪುಣ್ಯಾತ್ಮನೊಬ್ಬ ಇದನ್ನು ಮೂರ್ಛೆರೋಗವೆಂದು ತಿಳಿದು, ಕಬ್ಬಿಣ ತಾಕಲೆಂದು ತನ್ನ ಮನೆಯ ಕೀಲಿಗೊಂಚಲನ್ನು ಅವರ ಮುಷ್ಟಿಗೆ ತುರುಕಿದ. ಸಾಹೇಬರು ಕಥೆ ನಿಲ್ಲಿಸಲಿಲ್ಲ. ಠಾಣೆಯವರೆಗೂ ಆ ಗೊಂಚಲನ್ನು ಕುಲುಕಿ, ಅದನ್ನೇ ಜೈಲರ್ ಬರುವ ಸಪ್ಪಳ ಮಾಡಿಕೊಂಡರು. ಇಳಿಯುವಾಗ ಧನ್ಯವಾದ ಹೇಳಿ ವಾಪಸು ಕೊಟ್ಟರು.

ಇಷ್ಟೆಲ್ಲ ಆದರೂ ಹನ್ನೊಂದು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಸ್ಟೇಷನ್ ತಪ್ಪಿಸಿಕೊಳ್ಳಲಿಲ್ಲ. ಕಳವಾ ದಾಟಿದೊಡನೆ ಸಾಹೇಬರು ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. “ಪ್ರೇಕ್ಷಕನ ಎದಿ ಹಿಡೀಬೇಕ್ರಿ, ನೌಕರಿ ಹಿಡೀಬಾರದು.”

ಈಗ ಸುರಂಗದ ವಿಷಯ. ಆಗ ಫಾಸ್ಟ್ ಗಾಡಿಗಳು ದಿವಾ ದಾಟಿದ ಮೇಲೆ ಪಾರ್ಸಿಕ್ ಗುಡ್ಡದ ಸುರಂಗ ಹೊಕ್ಕು ಹೋಗುತ್ತಿದ್ದವು. ಒಳಗೆ ಎಂಥ ಗದ್ದಲವೆಂದರೆ ಪಕ್ಕದವನು ಕೂಗಿದರೂ ಕೇಳದು. ಪ್ರತಿ ಸಿನಿಮಾದ ಕ್ಲೈಮ್ಯಾಕ್ಸ್ ಸರಿಯಾಗಿ ಸುರಂಗಕ್ಕೇ ಬರುತ್ತಿತ್ತು. ಸಾಹೇಬರು ಮಾತು ನಿಲ್ಲಿಸುತ್ತಿರಲಿಲ್ಲ. ತುಟಿ ಚಲಿಸುತ್ತಿತ್ತು, ಕೈ ಕತ್ತಿ ಬೀಸುತ್ತಿತ್ತು, ಹುಬ್ಬು ಹಾರುತ್ತಿತ್ತು. ನಮಗೆ ಒಂದಕ್ಷರ ಕೇಳುತ್ತಿರಲಿಲ್ಲ. ಬೆಳಕಿಗೆ ಬಂದಾಗ ಅವರು ಹಣೆ ಒರೆಸಿಕೊಂಡು “...ಹಿಂಗಾಗಿ ಬದುಕಿದ,” ಎಂದು ಮುಗಿಸುವರು. ಹೇಗಾಗಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪಾಟೀಲರಿಗೆ ಕೇಳಿಸಿರಬೇಕೆಂದು ಶೆಟ್ಟರು, ಶೆಟ್ಟರಿಗೆ ಕೇಳಿಸಿರಬೇಕೆಂದು ನಾನು, ಎಲ್ಲರಿಗೂ ಕೇಳಿಸಿ ತಮಗೊಬ್ಬರಿಗೇ ಕಿವಿ ಮಂದವಾಗಿದೆಯೆಂದು ಪಾಟೀಲರು. ಅವರು ಕಿವಿಯ ಡಾಕ್ಟರರ ಬಳಿಗೂ ಹೋಗಿಬಂದರು. “ಸದ್ದು ತೆಗೆದುಬಿಟ್ರ ಎದಿ ಇನ್ನೂ ಜೋರು ಬಡೀತೈತಿ,” ಎಂದು ಸಾಹೇಬರು ತತ್ತ್ವ ಹೇಳಿದ್ದರಿಂದ, ನಾವು ಇದನ್ನು ಕಲೆಯ ಪರಾಕಾಷ್ಠೆಯೆಂದು ಭಾವಿಸಿ ಸುಮ್ಮನಿದ್ದೆವು.

ಆಮೇಲೆ ಹೊಸ ಹಳಿಗಳು ಬಂದವು. ಸುರಂಗ ದೂರದೂರಿನ ಗಾಡಿಗಳ ಪಾಲಾಯಿತು. ನಮ್ಮ ಲೋಕಲ್ಲು ಮುಂಬ್ರಾದ ಕಡೆಯಿಂದ ಬಟ್ಟಬಯಲಿನಲ್ಲಿ ಸಾಗಿತು. ಡಬ್ಬಿಯ ಜನವೆಲ್ಲ ವೇಳೆ ಉಳಿಯಿತೇ ಇಲ್ಲವೇ ಎಂದು ಚರ್ಚಿಸುತ್ತಿದ್ದರೆ, ಸಾಹೇಬರು ಮಾತ್ರ ತಮ್ಮ ಕಾರ್ಖಾನೆಗೆ ಬೀಗ ಬಿದ್ದವರಂತೆ ಕೂತಿದ್ದರು. ಮರುವಾರ ಅಪ್ಪಣೆಯಾಯಿತು: ಕ್ಲೈಮ್ಯಾಕ್ಸಿನ ದಿನ ಮುಂಬ್ರಾದಿಂದ ಕಳವಾದವರೆಗೆ ಎಲ್ಲರೂ ಕಣ್ಣು ಮುಚ್ಚಬೇಕು, ಕಿವಿಯಲ್ಲಿ ಬೆರಳಿಡಬೇಕು. ನಾವು ಹಾಗೇ ಮಾಡಿದೆವು. ಮೂವರು ಮಧ್ಯವಯಸ್ಕರು ಕಿವಿಗೆ ಬೆರಳಿಟ್ಟು ಧ್ಯಾನಸ್ಥರಾಗಿರುವುದನ್ನೂ ಮಫ್ಲರಿನ ವೃದ್ಧರೊಬ್ಬರು ತುಟಿಯಾಡಿಸುತ್ತಿರುವುದನ್ನೂ ಕಂಡ ಹೊಸ ಪ್ರಯಾಣಿಕನೊಬ್ಬ ಚಪ್ಪಲಿ ಬಿಟ್ಟು ಕೈಮುಗಿದು, “ಕೌನ್‌ಸೇ ಗುರೂಜಿ ಹೈ?” ಎಂದು ಕೇಳಿದ. ಶೆಟ್ಟರು ಒಂದು ಕಣ್ಣು ತೆರೆದು, “ಸ್ಟೋರ್‌ಕೀಪರ್,” ಎಂದರು. ಆತ ಅದನ್ನು ಸಾಧನೆಯ ಒಂದು ಹಂತವೆಂದು ತಿಳಿದನೆಂದು ಕಾಣುತ್ತದೆ. ಇನ್ನಷ್ಟು ಬಗ್ಗಿ ನಮಸ್ಕರಿಸಿದ.

ಗುಟ್ಟು ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಭಾನುವಾರ ಕಲ್ಯಾಣದ ಮಾಲೊಂದಕ್ಕೆ ಹೋಗಿದ್ದೆ. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಸಾಹೇಬರು ಒಬ್ಬರೇ ಕೂತು ಸಮೋಸಾ ತಿನ್ನುತ್ತಿದ್ದರು. ಒಳಗಿನಿಂದ ಗುಂಡಿನ ಸದ್ದು ಕೇಳಿದಾಗಲೆಲ್ಲ ಸಮೋಸಾ ನಡುಗುತ್ತಿತ್ತು.

“ಇಂಟರ್‌ವಲ್ ಮುಗೀತಲ್ಲ, ಒಳಗೆ ಹೋಗಲ್ವೇ?” ಎಂದೆ.

“ನಮ್ಮನಿಯಾಕಿ ಒಳಗ ಅದಾಳ್ರಿ,” ಎಂದರು.

ನಾನು ಕಾದೆ. ಅವರೂ ಕಾದರು. ಮುಕ್ಕಾಲು ತಾಸಿನ ಮೇಲೆ ಬಾಗಿಲು ತೆರೆದು ಜನ ಹೊರಬಂದರು. ಆ ಜನದ ನಡುವೆ ಕೈಯಲ್ಲಿ ಸೆರಗಿನ ತುದಿ ಹಿಡಿದು, ತರಕಾರಿ ತಂದವರಂತೆ ನಿರಾಳವಾಗಿ ಅವರ ಮನೆಯವರು ಬಂದರು. ಗಂಡನ ಮುಖ ನೋಡಿ ಹೇಳಿದ್ದು ಒಂದೇ ಶಬ್ದ: “ಬದುಕಿದ.” ಆಮೇಲೆ, “ನಡೀರಿ, ಅನ್ನಕ್ಕಿಡೂದೈತಿ.”

ಹೀಗೆ ಬಯಲಾಯಿತು. ಎದೆ ಹಿಡಿಯುವುದರಲ್ಲಿ ನಿಸ್ಸೀಮರಾದ ನಮ್ಮ ಸಾಹೇಬರಿಗೆ ಎದೆ ಇರಲಿಲ್ಲ. ಕುಕ್ಕರಿನ ಮೂರನೆಯ ಸಿಳ್ಳೆಗೂ ಅವರು ಬಾಲ್ಕನಿಗೆ ಹೋಗಿ ನಿಲ್ಲುತ್ತಾರಂತೆ. ಕ್ರಿಕೆಟ್ಟಿನ ಕೊನೆಯ ಓವರನ್ನು ಮೆಟ್ಟಿಲ ಮೇಲೆ ಕೂತು ಅಕ್ಕಪಕ್ಕದ ಮನೆಗಳ ಕೂಗಿನಿಂದ ತಿಳಿಯುತ್ತಾರಂತೆ. ಮದುವೆಯಾದಂದಿನಿಂದ ಒಂದೇ ಒಂದು ಸಿನಿಮಾದ ಎರಡನೆಯ ಅರ್ಧ ಅವರು ನೋಡಿಲ್ಲ. ಮನೆಯವರ ಆ ಒಂದು ಶಬ್ದದ ಮೇಲೆ ಹತ್ತು ದಿನದ ಕಥೆ ಕಟ್ಟುತ್ತಿದ್ದರು. ಹೇಗೆ ಬದುಕಿದ ಎಂಬುದನ್ನು ಸುರಂಗಕ್ಕೆ ಹಾಕಿಬಿಡುತ್ತಿದ್ದರು.

“ಸುರಂಗ ಇದ್ದಾಗ ಚಿಂತಿ ಇರಲಿಲ್ಲ ನೋಡ್ರಿ,” ಎಂದರು ಸಾಹೇಬರು, ಸಮೋಸಾದ ಕಾಗದ ಮಡಿಸುತ್ತ.

ನಾನು ಯಾರಿಗೂ ಹೇಳಲಿಲ್ಲ. ಮನೆಯವರ ಫೋನ್ ನಂಬರ್ ಮಾತ್ರ ಬರೆದುಕೊಂಡೆ. ಯಾಕೆಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಬ್ಬ ನಾಯಕ ಹಗ್ಗದ ಸೇತುವೆಯ ನಟ್ಟನಡುವೆ ಸಿಕ್ಕಿಬಿದ್ದ. ಕೆಳಗೆ ಮೊಸಳೆಗಳ ನದಿ, ಎರಡೂ ದಡದಲ್ಲಿ ಖಳರು, ಸೇತುವೆ ಹಿಡಿದಿದ್ದ ಹಗ್ಗದ ಮೂರು ಎಳೆಯಲ್ಲಿ ಎರಡು ಹರಿದಿದ್ದವು. ಮೂರನೆಯದು ಹರಿಯಲಿಲ್ಲ. ಒಂದು ದಿನ ಮೊಸಳೆಯ ಕ್ಲೋಸಪ್. ಇನ್ನೊಂದು ದಿನ ಹಗ್ಗದ್ದು. ಮರುದಿನ ನಾಯಕನ ಹಣೆಯಿಂದ ಒಂದು ಹನಿ ಬೆವರು ಹೊರಟು ಮೂಗಿನ ತುದಿ ಸೇರುವಷ್ಟರಲ್ಲಿ ಠಾಣೆ ಬಂತು. ಮೂಗಿನಿಂದ ಅದು ಬಿದ್ದದ್ದು ಮರುವಾರ. ಒಂಬತ್ತು ಕೆಲಸದ ದಿನ ಆತ ಅಲ್ಲೇ ನೇತಾಡಿದ.

“ಸಾಹೇಬ್ರೇ, ಆ ಹಗ್ಗ ಯಾವಾಗ ಹರೀತದ್ರಿ?” ಎಂದರು ಪಾಟೀಲರು. “ನಾ ಈರುಳ್ಳಿ ಚೀಲ ಕಟ್ಟೋ ಹಗ್ಗನೂ ಅಷ್ಟು ಗಟ್ಟಿ ಇರಂಗಿಲ್ಲ.”

ನನಗೆ ಮಾತ್ರ ಕಾರಣ ತಿಳಿದಿತ್ತು. ಅವರ ಮನೆಯವರು ಮಗಳ ಬಾಣಂತನಕ್ಕೆಂದು ವಿಜಯಪುರಕ್ಕೆ ಹೋಗಿದ್ದರು. ಸಾಹೇಬರು ಒಬ್ಬರೇ ಹೋಗಿ ಅರ್ಧ ಸಿನಿಮಾ ನೋಡಿ ಎದ್ದು ಬಂದಿದ್ದರು. ಉಳಿದದ್ದನ್ನು ಹೇಳುವವರಿರಲಿಲ್ಲ.

ತಿಳಿಯದಿದ್ದ ಇನ್ನೊಂದು ಸಂಗತಿ ದಿವಾದಲ್ಲಿ ತಿಳಿಯಿತು. ಗಾಡಿ ಕುಲುಕಿದ ರಭಸಕ್ಕೆ ಮೇಲಿನ ಹಲಗೆಯಿಂದ ಸಾಹೇಬರ ಚೀಲ ಪಾಟೀಲರ ಮಡಿಲಿಗೆ ಬಿತ್ತು. ಚೀಲದಿಂದ ಅಂಟು ಬಿಡಿಸದ ಒಂದು ಬಿಳಿ ಲಕೋಟೆ ಇಣುಕಿತು. ಮೇಲೆ ಲ್ಯಾಬೊಂದರ ಮುದ್ರೆ.

“ಇದೇನ್ರಿ?”

ಸಾಹೇಬರು ಮಫ್ಲರ್ ಸರಿಮಾಡಿಕೊಂಡರು. ಕೆಲವು ವಾರಗಳಿಂದ ಅವರ ಧ್ವನಿ ಒಡೆದಿದ್ದನ್ನು ನಾವೆಲ್ಲ ಖಳನಾಯಕನ ಪಾತ್ರಪೋಷಣೆಯೆಂದು ಮೆಚ್ಚಿಕೊಂಡಿದ್ದೆವು. “ಗಂಟಲದಾಗ ಒಂದ್ ಸಣ್ಣ ಗಂಟು. ತುಣುಕು ತಗದು ತಪಾಸಕ್ಕ ಕಳಿಸಿದ್ರು. ಇದು ಅದರ ಉತ್ತರ.”

“ಒಡೆದಿಲ್ಲ ಯಾಕೆ?” ಎಂದೆ.

“ನಮ್ಮನಿಯಾಕಿ ಬರ್ಲಿ.”

“ಯಾವಾಗ ಬರ್ತಾರೆ?”

“ಮೂರು ತಿಂಗಳು.”

“ಡಾಕ್ಟರ್ ಏನಂದಾರ್ರಿ?” ಎಂದರು ಪಾಟೀಲರು.

“ಎಂಟು ದಿನದಾಗ ತೊಗೊಂಡು ಬಾ, ಕೆಟ್ಟದಿದ್ರ ಒಂದ್ ದಿನನೂ ತಡಾ ಮಾಡಬಾರದು ಅಂದಾರ. ಆರು ಆತು.” ಇಷ್ಟು ಹೇಳಿ ಚೀಲವನ್ನು ತಾವೇ ಹಲಗೆಯ ಮೇಲೆ ಇಟ್ಟರು. ಆಮೇಲೆ ಮೊಸಳೆ ಬಾಯಿ ತೆರೆಯಿತು.

ಮರುದಿನ ನಾವು ಬಾಂಬಿನ ಕೆಳಗೆ ಕೂತು ಪ್ರಯಾಣ ಮಾಡಿದೆವು. ಬಾಂಬ್ ಇದ್ದುದು ಎಲ್ಲರಿಗೂ ಗೊತ್ತು, ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ. ಸಾಹೇಬರ ಸಿದ್ಧಾಂತದಲ್ಲಿ ಇದಕ್ಕೆ ಹೆಸರಿರಲಿಲ್ಲ. ಕಥೆ ಯಾರ ತಲೆಗೂ ಹೋಗಲಿಲ್ಲ. ಆ ಧ್ವನಿ ಹೋದರೆ ಆ ಮನುಷ್ಯರಲ್ಲಿ ಉಳಿಯುವುದೇನು, ಮಫ್ಲರೊಂದೇ.

ಏಳನೆಯ ದಿನ ಸಂಜೆ ನಾನು ವಿಜಯಪುರಕ್ಕೆ ಫೋನ್ ಮಾಡಿದೆ.

“ಅಯ್ಯ! ನೆಗಡಿ ಅಂದಿದ್ರಲ್ಲ ನನಗ!” ಎಂದರು ಮನೆಯವರು. ಹಿಂದಿನಿಂದ ಮಗುವಿನ ಅಳು ಕೇಳಿಸುತ್ತಿತ್ತು. ಆಮೇಲೆ ಆಕೆಯ ಧ್ವನಿ ಗಟ್ಟಿಯಾಯಿತು. “ನೀವ ಒಡೀರಿ ಅಣ್ಣಾರ. ಅವರ ಕೈಯಾಗ ಕೊಡಬ್ಯಾಡ್ರಿ. ಓದಿ, ಒಂದ ಶಬ್ದದಾಗ ಹೇಳ್ರಿ. ಎರಡನೇ ಶಬ್ದ ತಡಕೊಳ್ಳಾಕ ಅವರಿಗೆ ಆಗೂದಿಲ್ಲ.”

ರಾತ್ರಿಯೇ ಪಾಟೀಲರಿಗೂ ಫೋನಿನಲ್ಲಿ ಎಲ್ಲ ತಿಳಿಸಿ, ಎಂಟನೆಯ ದಿನ ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಶೆಟ್ಟರಿಗೆ ಕೆಲಸ ಒಪ್ಪಿಸಿದೆ. ಕ್ಯಾಂಟೀನಿನವರು, ಗಟ್ಟಿ ಮನುಷ್ಯರು, ಒಂದು ಶಬ್ದಕ್ಕೆ ತಕ್ಕವರು. ದಿವಾ ದಾಟಿದೊಡನೆ ಶೆಟ್ಟರು ಎದ್ದು ಚೀಲದಿಂದ ಲಕೋಟೆ ತೆಗೆದರು.

“ನಿಮ್ಮ ಮನೆಯವರ ಅಪ್ಪಣೆ ಸಾಹೇಬ್ರೆ,” ಎಂದರು.

ಸಾಹೇಬರು ತಾವೇ ಕಣ್ಣು ಮುಚ್ಚಿಕೊಂಡು ಕಿವಿಯಲ್ಲಿ ಬೆರಳಿಟ್ಟರು. ಆದರೆ ಬೆರಳು ಸಡಿಲವಾಗಿಯೇ ಇತ್ತು.

ಶೆಟ್ಟರು ಲಕೋಟೆ ಹರಿದು ಓದಿದರು. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ. ತಲೆಯೆತ್ತಿ ನಮ್ಮನ್ನು ನೋಡಿದರು. ಒಂದು ಶಬ್ದ ಹೇಳಬೇಕಿತ್ತು. ದೇವರಾಣೆಗೂ ಹೇಳುತ್ತೇನೆ, ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಹನ್ನೊಂದು ವರ್ಷದ ಶಿಕ್ಷಣ ಸುಮ್ಮನೆ ಹೋಗುತ್ತದೆಯೇ?

“ಬಿಳಿ ಕಾಗದ,” ಎಂದು ತಗ್ಗಿದ ಧ್ವನಿಯಲ್ಲಿ ಶುರುಮಾಡಿದರು ಶೆಟ್ಟರು. “ಎಡಗಡೆ ಮೂಲೆಯಲ್ಲಿ ಒಂದು ಮುದ್ರೆ. ಮುದ್ರೆಯ ಕೆಳಗೆ ಒಂದು ಹೆಸರು...”

ನಾನು ಅವರ ಕಾಲು ತುಳಿದೆ.

“ಇರಿ ಮಾರಾಯ್ರೆ, ಬರ್ತದೆ.”

ಅಷ್ಟರಲ್ಲಿ ಎಡಗಡೆಯಿಂದ ಪಾಟೀಲರು, ತಮಗೇ ಅರಿವಿಲ್ಲದೆ, “ಇತ್ತಕಡಿ ವಿಜಯಪುರದಾಗ ಸಾಹೇಬ್ರ ಮನಿಯವರು ಫೋನ್ ಕೈಯಾಗ ಹಿಡ್ಕೊಂಡು ಕುಂತಾರ,” ಎಂದರು. ಶೆಟ್ಟರು ಬಲದಿಂದ, “ಎರಡನೇ ಸಾಲು...” ಪಾಟೀಲರು ಎಡದಿಂದ, “ಕೂಸು ಅಳತದ...” ತುಣುಕುಗಳು ಚಿಕ್ಕವಾಗತೊಡಗಿದವು. ಯಾರದೋ ಬೆರಳು ಊಟದ ಡಬ್ಬಿಯ ಮುಚ್ಚಳದ ಮೇಲೆ ಎದೆಬಡಿತ ಬಾರಿಸುತ್ತಿತ್ತು. ನೋಡಿದರೆ ಅದು ನನ್ನದೇ ಬೆರಳು. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಾನು ಕೈಗಡಿಯಾರ ನೋಡಿ, “ಕಳವಾಕ್ಕೆ ಇನ್ನು ಎರಡೇ ನಿಮಿಷ,” ಎಂದೂ ಹೇಳಿದೆ. ಸಾಹೇಬರ ಮುಖ ಲಕೋಟೆಯ ಬಣ್ಣಕ್ಕೆ ತಿರುಗಿತ್ತು. ತಾವು ಕಲಿಸಿದ್ದರಲ್ಲಿ ಒಂದನ್ನೂ ನಾವು ಮರೆತಿಲ್ಲವೆಂಬ ತೃಪ್ತಿ ಅವರಿಗೆ ಆ ಕ್ಷಣ ಇದ್ದಂತೆ ಕಾಣಲಿಲ್ಲ.

ಆಗ ಅಡ್ಡಗೋಡೆಯ ಕಡೆಯಿಂದ ಒಂದು ಕೈ ಬಂದು ಶೆಟ್ಟರ ಕೈಯಿಂದ ಕಾಗದ ಕಿತ್ತುಕೊಂಡಿತು. ಇಯರ್‌ಫೋನಿನ ಗೃಹಸ್ಥರು. ಒಂದೇ ಉಸಿರಿಗೆ ಓದಿ, ಮರಾಠಿಯಲ್ಲಿ ಹೇಳಿದರು: “ಕಾಹೀ ನಾಹೀ ಹೋ ಕಾಕಾ. ಸಾಧೀ ಗಾಠ ಆಹೆ. ಕ್ಯಾನ್ಸರ್ ನಾಹೀ.” ಏನೂ ಇಲ್ಲ, ಸಾದಾ ಗಂಟು. ಅದೇ ಉಸಿರಿನಲ್ಲಿ ಮುಂದುವರಿಸಿದರು: “ಆಣಿ ತೋ ದೋರ ತುಟತೋ. ಹೀರೋ ತ್ಯಾಲಾಚ್ ಧರೂನ ಪಲೀಕಡೇ ಜಾತೋ.” ಆ ಹಗ್ಗ ಹರಿಯುತ್ತದೆ, ನಾಯಕ ಅದನ್ನೇ ಹಿಡಿದು ಆಚೆ ದಡ ಸೇರುತ್ತಾನೆ.

ಸಾಹೇಬರು ನಿಧಾನವಾಗಿ ಕಣ್ಣು ತೆರೆದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಗಂಟಲಿನ ಗಂಟು, ಎಂಟು ದಿನದ ಭಯ, ವಿಜಯಪುರದಲ್ಲಿ ಕಾಯುತ್ತಿರುವ ಹೆಂಡತಿ, ಇವೆಲ್ಲದರ ಬಗ್ಗೆ ಅವರು ಏನು ಹೇಳುತ್ತಾರೆಂದು ನಾವು ಬಾಗಿದೆವು. ಅವರು ಆ ಗೃಹಸ್ಥರನ್ನು ದಿಟ್ಟಿಸಿ, ಒಡೆದ ಧ್ವನಿಯಲ್ಲಿ ಗುಡುಗಿದರು:

“ಸಿನಿಮಾದ ಕೊನೀ ಯಾಕ್ರಿ ಹೇಳಿದ್ರಿ?”

“ಮೀ ಆಜ್‌ಪರ್ಯಂತ್ ಸಾಂಗಿತಲಾ ಕಾ?” ಎಂದರು ಗೃಹಸ್ಥರು. ಇವತ್ತಿನವರೆಗೆ ಹೇಳಿದ್ದೇನೆಯೇ? ಅವರ ತಾಯಿಯ ಮನೆಮಾತು ಕನ್ನಡವಂತೆ. ತಿಳಿಯುತ್ತದೆ, ಆಡಲು ಬಾರದು. ಸಾಹೇಬರು ಹೇಳಿದ ಸಿನಿಮಾಗಳನ್ನೆಲ್ಲ ಅವರು ಥಿಯೇಟರಿನಲ್ಲಿ ಪೂರ್ತಿ ನೋಡಿದ್ದರು. ಪ್ರತಿಯೊಂದರ ಎರಡನೆಯ ಅರ್ಧವೂ ತಪ್ಪೆಂದು ಗೊತ್ತಿತ್ತು. ಆದರೂ ವರ್ಷಗಟ್ಟಲೆ ಅದೇ ಅಡ್ಡಗೋಡೆಗೆ ಒರಗಿ ನಿಂತಿದ್ದರು. ಇಯರ್‌ಫೋನಿನ ತಂತಿಯನ್ನು ಜೇಬಿನಿಂದ ಎಳೆದು ತೋರಿಸಿದರು. ಅದರ ತುದಿಗೆ ಏನೂ ಇರಲಿಲ್ಲ.

ಸೋಮವಾರ ಸಾಹೇಬರು ಕಥೆ ಮುಗಿಸಿದರು. ಗೃಹಸ್ಥರನ್ನೇ ನೋಡುತ್ತ, “ನಮ್ಮ ಡಬ್ಬ್ಯಾಗ ಹಗ್ಗ ಹರಿಯೂದಿಲ್ಲ,” ಎಂದರು. ನಾಯಕ ನಡೆದೇ ದಡ ಸೇರಿದ. ಗೃಹಸ್ಥರು ತಲೆಬಾಗಿ ಒಪ್ಪಿದರು.

ಗಂಟನ್ನು ತೆಗೆಸಿಕೊಂಡದ್ದಾಯಿತು, ಮನೆಯವರು ಮರಳಿದ್ದಾಯಿತು, ಕಳೆದ ತಿಂಗಳು ನಿವೃತ್ತಿಯೂ ಆಯಿತು. ಕೊನೆಯ ದಿನ ನಾವು ಹಾಕಿದ ಶಾಲನ್ನು ಅವರು ಮಫ್ಲರಿನ ಮೇಲೇ ಹೊದ್ದು ಹೋದರು.

ಮೊನ್ನೆ ಸಂಜೆ ಠಾಣೆಯಲ್ಲಿ ಗಾಡಿ ಹತ್ತಿ ನಿಂತಿದ್ದೆ, ಫೋನ್ ಬಂತು. ಸಾಹೇಬರ ಮನೆಯವರು.

“ಅಣ್ಣಾರ, ಪಿಕ್ಚರಿಗೆ ಬಂದೀವ್ರಿ. ಇಂಟರ್‌ವಲ್ ಆದ ಮ್ಯಾಲೂ ಅವರು ಎದ್ದಿಲ್ಲ! ಕುರ್ಚಿ ಗಟ್ಟಿ ಹಿಡ್ಕೊಂಡು ಕುಂತಾರ. ಅವರನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಹೊರಗ ಬಂದು ಸಮೋಸಾ ತಿನ್ನಾಕತ್ತೀನಿ.”

“ಒಳಗೆ ಏನಾಯ್ತಂತೆ?”

“ಯಾರಿಗ್ಗೊತ್ತು? ಅವರು ಬಂದು ಹೇಳಬೇಕು.”

ಕಳವಾ ಹೋಯಿತು, ಮುಂಬ್ರಾ ಹೋಯಿತು. ಫೋನಿನಲ್ಲಿ ಬಾಗಿಲು ತೆರೆದ ಸದ್ದು, ಜನರ ಗುಜುಗುಜು. ಯಾರೋ ಫೋನ್ ತೆಗೆದುಕೊಂಡರು. ಯಾರೋ ಗಂಟಲು ಸರಿಮಾಡಿಕೊಂಡರು. ಸ್ವಲ್ಪ ಒರಟಾಗಿತ್ತು, ಆದರೆ ಅದೇ ಧ್ವನಿ.

“ಪೂರಾ ನೋಡಿದೆ,” ಎಂದರು ಸಾಹೇಬರು.

“ಹೇಳಿ ಸಾಹೇಬ್ರೆ, ಬದುಕಿದನೇ?”

“ಅವಸರ ಮಾಡಬ್ಯಾಡ್ರಿ. ಮೊದಲ ಏನೂ ಕಾಣೂದಿಲ್ಲ. ಬರೇ ಕಪ್ಪು ಪರದೆ. ದೂರದಾಗ ಒಂದ ಹನಿ ನೀರು ಬೀಳೂ ಸಪ್ಪಳ...”

ಬಾಗಿಲ ಬಳಿ ನಿಂತಿದ್ದ ಇಯರ್‌ಫೋನಿನ ಗೃಹಸ್ಥರು ಸ್ಪೀಕರ್ ಹಾಕಿ ಎಂದು ನನಗೆ ಸನ್ನೆ ಮಾಡಿದರು. ಹಾಕಿದೆ. ಡೊಂಬಿವಲಿ ಬಂತು. ಇಳಿಯಬೇಕಾಗಿದ್ದ ನಾವಿಬ್ಬರೂ ಇಳಿಯಲಿಲ್ಲ.